ಇನ್‌ಡಿಸೈನ್‌ನಲ್ಲಿ ಎಕ್ಸ್‌ಎಂಎಲ್ ಎಲಿಮೆಂಟ್‌ಗಳ ಕ್ರಮ ಬದಲಿಸುವಾಗ: ಸರಿಸುವ ಮೊದಲು ಆಗಬೇಕಾದ ಕೆಲಸ

(ಪುಟ ಕಟ್ಟುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಕಮಾಂಡುಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಅಕ್ಷರದಲ್ಲಿ ಬರೆದಿದೆ. ಸ್ಕ್ರಿಪ್ಟಿನಲ್ಲಿ, ಅಂದರೆ ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಮಿನಲ್ಲಿ, ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು.)

ಇನ್‌ಡಿಸೈನ್ ಪುಟ ಕಟ್ಟುವ ತಂತ್ರಾಂಶ. ಎಕ್ಸ್‌ಎಂಎಲ್ ಎಂದರೆ ಮಾಹಿತಿಯ ಪ್ರತಿ ತುಣುಕಿಗೂ ಟ್ಯಾಗ್ ಎಂಬ ಹೆಸರು ಹಚ್ಚಿ ಒಂದರೊಳಗೊಂದು ಇಡುವ ಬಗೆ. ಆ ತುಣುಕೇ ಎಲಿಮೆಂಟ್, ಒಂದರೊಳಗಿರುವುದು ಅದರ ಮಗು, ಇಡೀ ರಚನೆ ಮರ. ಪ್ರಕಾಶನವೊಂದರ ಪುಸ್ತಕಪಟ್ಟಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೂಲ ಎಲಿಮೆಂಟಿನ ಹೆಸರು ‘ಪಟ್ಟಿ’. ಅದರೊಳಗೆ ಇನ್ನೂರು ಮುನ್ನೂರು ‘ಪುಸ್ತಕ’ ಎಲಿಮೆಂಟ್‌ಗಳು. ಒಂದೊಂದು ಪುಸ್ತಕದೊಳಗೂ ಮುಖಪುಟ, ಶೀರ್ಷಿಕೆ, ಲೇಖಕ, ಪುಟ, ಬೆಲೆ ಎಂಬ ಐದು ಮಕ್ಕಳು. ಮಾಹಿತಿ ಬಂದಿರುವುದು ಪ್ರಕಟಣೆಯ ವರ್ಷದ ಕ್ರಮದಲ್ಲಿ. ಸಂಪಾದಕರಿಗೆ ಬೇಕಾಗಿರುವುದು ಲೇಖಕರ ಹೆಸರಿನ ಅಕಾರಾದಿ ಕ್ರಮ. ಅದರ ಜೊತೆಗೆ ಬೆಲೆಯನ್ನು ಕೊನೆಯಿಂದ ಎತ್ತಿ ಲೇಖಕರ ಹೆಸರಿಗಿಂತ ಮುಂಚೆ ಇಡಬೇಕಂತೆ.

ಎರಡೂ ಕೆಲಸಕ್ಕೆ ಅಡೋಬಿ ಇನ್‌ಡಿಸೈನ್‌ನಲ್ಲಿ ‘ಮೂವ್’ ಎಂಬ ಒಂದೇ ಕಮಾಂಡ್ ಸಾಕು. ಸ್ಕ್ರಿಪ್ಟ್ ಬರೆಯುವವರು ಹತ್ತು ಸಾಲಿನಲ್ಲಿ ಮುಗಿಸುತ್ತಾರೆ. ಓಡಿಸಿ ನೋಡಿದರೆ ಎಡಗಡೆಯ ಸ್ಟ್ರಕ್ಚರ್ ಪೇನಿನಲ್ಲಿ ಮರ ಚೊಕ್ಕವಾಗಿ ಜೋಡಣೆಯಾಗಿರುತ್ತದೆ. ಪುಟದಲ್ಲಿ ಮಾತ್ರ ಎರಡು ಪುಸ್ತಕಗಳ ವಿವರ ಒಂದೇ ಸಾಲಿನಲ್ಲಿ ಅಂಟಿಕೊಂಡಿರುತ್ತದೆ, ಇನ್ನೊಂದು ಕಡೆ ಖಾಲಿ ಪ್ಯಾರಾ, ಮತ್ತೊಂದು ಕಡೆ ದಿಕ್ಕಿಲ್ಲದ ‘ರೂ.’ ಎಂಬ ತುಣುಕು. ಸ್ಕ್ರಿಪ್ಟು ತಪ್ಪು ಮಾಡಿಲ್ಲ. ಹೇಳಿದ್ದನ್ನೇ ಮಾಡಿದೆ. ಯಾವ ಅಕ್ಷರ ಯಾವ ಎಲಿಮೆಂಟಿಗೆ ಸೇರಿದ್ದು ಎಂಬುದನ್ನು ನಾವು ಮೊದಲೇ ತೀರ್ಮಾನಿಸಿರಲಿಲ್ಲ, ಅಷ್ಟೆ. ಈ ಉಪನ್ಯಾಸದ ಹೆಚ್ಚಿನ ಭಾಗ ಆ ತೀರ್ಮಾನದ ಕುರಿತೇ ಇದೆ.

ಮರವೂ ಸ್ಟೋರಿಯೂ

ಇನ್‌ಡಿಸೈನ್‌ಗೆ ಎಕ್ಸ್‌ಎಂಎಲ್ ಬಂದದ್ದು 2002ರ 2.0 ಆವೃತ್ತಿಯಲ್ಲಿ. 2003ರ ಸಿಎಸ್ ಆವೃತ್ತಿಯಲ್ಲಿ ಜಾವಾಸ್ಕ್ರಿಪ್ಟ್ ಸೇರಿತು. 2007ರ ಸಿಎಸ್3ರಲ್ಲಿ ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ ಕಡತವನ್ನು ಬೇರೆ ರೂಪಕ್ಕೆ ತರುವ ಭಾಷೆ) ಮತ್ತು ಎಕ್ಸ್‌ಎಂಎಲ್ ರೂಲ್ಸ್ (ಹೊಂದುವ ಎಲಿಮೆಂಟ್ ಸಿಕ್ಕಾಗ ಏನು ಮಾಡಬೇಕೆಂದು ಹೇಳುವ ಸ್ಕ್ರಿಪ್ಟ್ ನಿಯಮಗಳು) ಬಂದವು. ಇಷ್ಟು ವರ್ಷ ಕಳೆದರೂ ಅದರ ಒಳಗಿನ ವ್ಯವಸ್ಥೆಯ ಮೂಲಸ್ವರೂಪ ಅದೇ ಇದೆ: ಮರದಲ್ಲಿರುವ ಎಲಿಮೆಂಟು ಒಂದೋ ಪುಟದ ಮೇಲಿನ ಯಾವುದೋ ಸ್ಟೋರಿಗೆ (ಒಂದೇ ಹರಿವಿನಲ್ಲಿರುವ ಪಠ್ಯಕ್ಕೆ), ಫ್ರೇಮಿಗೆ (ಪಠ್ಯ ಅಥವಾ ಚಿತ್ರ ಕೂರುವ ಚೌಕಕ್ಕೆ) ಕಟ್ಟಿಕೊಂಡಿರುತ್ತದೆ, ಇಲ್ಲವೇ ಪುಟದ ಮೇಲೆ ಇನ್ನೂ ಇಳಿಯದೆ ಮರದಲ್ಲಷ್ಟೇ ಇರುತ್ತದೆ.

ಮರದಲ್ಲಷ್ಟೇ ಇರುವುದನ್ನು ಸರಿಸುವುದಕ್ಕೆ ಯಾವ ತೊಂದರೆಯೂ ಇಲ್ಲ. ಸ್ಟೋರಿಯೊಳಗೆ ಇಳಿದಿರುವ ಎಲಿಮೆಂಟನ್ನು ಅದೇ ಸ್ಟೋರಿಯೊಳಗೆ ಸರಿಸಿದರೆ ಅದರ ಪಠ್ಯವೂ ಜೊತೆಗೆ ಸರಿಯುತ್ತದೆ, ಪಠ್ಯದೊಳಗೆ ಆಂಕರ್ ಮಾಡಿದ ಚಿತ್ರವೂ ಸರಿಯುತ್ತದೆ. ಆದರೆ ಎಲಿಮೆಂಟಿನ ಆರಂಭದ ಗುರುತಿನಿಂದ ಅಂತ್ಯದ ಗುರುತಿನವರೆಗೆ ಇರುವುದು ಮಾತ್ರ ಸರಿಯುತ್ತದೆ. ಅದರ ಹೊರಗೆ ಒಂದೇ ಒಂದು ಅಕ್ಷರ ಇದ್ದರೂ ಅದು ತಾಯಿ ಎಲಿಮೆಂಟಿನ ಆಸ್ತಿ, ಇದ್ದಲ್ಲೇ ಉಳಿಯುತ್ತದೆ.

ಇದನ್ನು ಕಣ್ಣಿನಿಂದಲೇ ನೋಡಬಹುದು. ವ್ಯೂ ಮೆನುವಿನ ಸ್ಟ್ರಕ್ಚರ್‌ನಲ್ಲಿ ‘ಶೋ ಟ್ಯಾಗ್ ಮಾರ್ಕರ್ಸ್’ ಒತ್ತಿ. ಟೈಪ್ ಮೆನುವಿನಲ್ಲಿ ‘ಶೋ ಹಿಡನ್ ಕ್ಯಾರೆಕ್ಟರ್ಸ್’ ಒತ್ತಿ. ಬಣ್ಣದ ಚೌಕ ಆವರಣಗಳ ನಡುವೆ ಪ್ಯಾರಾ ಮುಗಿಯುವ ಎಂಟರ್ ಗುರುತು ಕಾಣುತ್ತದೆ. ಅದು ಪುಸ್ತಕದ ಮುಚ್ಚುವ ಆವರಣಕ್ಕಿಂತ ಮುಂಚೆ ಇದೆಯೋ, ಆಚೆ ಇದೆಯೋ? ಸ್ಕ್ರಿಪ್ಟಿನ ಮೊದಲ ಸಾಲು ಬರೆಯುವ ಮುನ್ನ ಇದೊಂದನ್ನು ನೋಡಿ.

ಎಂಟರ್ ಯಾರದು?

ಎಕ್ಸ್‌ಎಂಎಲ್ ಕಡತದಲ್ಲಿ ಓದಲು ಚಂದವಾಗಿರಲಿ ಎಂದು ಹಾಕಿದ ಹೊಸ ಸಾಲು, ಟ್ಯಾಬ್, ಸ್ಪೇಸ್ ಎಲ್ಲವೂ ಇನ್‌ಡಿಸೈನ್‌ಗೆ ಪಠ್ಯವೇ. ಎರಡು ಪುಸ್ತಕ ಎಲಿಮೆಂಟ್‌ಗಳ ನಡುವೆ ಹೊಸ ಸಾಲು ಇದ್ದರೆ ಅದು ಪುಟಕ್ಕೆ ಎಂಟರ್ ಆಗಿ ಬರುತ್ತದೆ, ‘ಪಟ್ಟಿ’ಯ ನೇರ ಪಠ್ಯವಾಗಿ ನಿಲ್ಲುತ್ತದೆ. ನೋಡಲು ಎಲ್ಲವೂ ಸರಿಯಾಗಿಯೇ ಇರುತ್ತದೆ, ಪುಸ್ತಕಗಳು ಒಂದರ ಕೆಳಗೊಂದು ಬಂದಿರುತ್ತವೆ. ಸರಿಸಿದ ಕ್ಷಣ ಪುಸ್ತಕ ಹೋಗುತ್ತದೆ, ಎಂಟರ್ ಉಳಿಯುತ್ತದೆ. ಹೋದ ಜಾಗದಲ್ಲಿ ಅಂಟು, ಬಿಟ್ಟ ಜಾಗದಲ್ಲಿ ಖಾಲಿ ಪ್ಯಾರಾ.

ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಪ್ಯಾರಾ ಸ್ಟೈಲ್ ಇಡೀ ಪ್ಯಾರಾಕ್ಕೆ ಸೇರಿದ್ದು. ಎರಡು ಪ್ಯಾರಾ ಒಂದಾದಾಗ ಒಂದರ ಸ್ಟೈಲ್ ಕಳೆದುಹೋಗುತ್ತದೆ. ಕನ್ನಡ ಪುಟದಲ್ಲಿ ಇದರ ಪೆಟ್ಟು ಜೋರು, ಏಕೆಂದರೆ ಒತ್ತಕ್ಷರಗಳು ಸರಿಯಾಗಿ ಕೂರಬೇಕಾದರೆ ವರ್ಲ್ಡ್-ರೆಡಿ ಕಂಪೋಸರ್ (ಇನ್‌ಡಿಸೈನ್‌ನ ಅಕ್ಷರ ಜೋಡಿಸುವ ವ್ಯವಸ್ಥೆಗಳಲ್ಲೊಂದು) ಬೇಕು, ಮತ್ತು ಅದನ್ನು ಸಾಮಾನ್ಯವಾಗಿ ಪ್ಯಾರಾ ಸ್ಟೈಲಿನಲ್ಲೇ ಆಯ್ದಿರುತ್ತೇವೆ. ಆ ಸ್ಟೈಲ್ ತಪ್ಪಿ ಬೇರೆ ಕಂಪೋಸರ್ ಇರುವ ಸ್ಟೈಲಿಗೆ ಬಿದ್ದ ಸಾಲಿನಲ್ಲಿ ಒತ್ತು ಬಿಡಿಬಿಡಿಯಾಗಿ ನಿಲ್ಲುತ್ತದೆ. ಪ್ರೂಫ್ ನೋಡುವವರು ಫಾಂಟ್ ಕೆಟ್ಟಿದೆ ಎಂದುಕೊಂಡು ಗಂಟೆಗಟ್ಟಲೆ ಫಾಂಟ್ ಹುಡುಕುತ್ತಾರೆ. ಕೆಟ್ಟಿರುವುದು ಒಂದು ಎಂಟರ್.

ಹಾಗಾದರೆ ಎಂಟರ್ ಎಲ್ಲಿರಬೇಕು? ‘ಎಲಿಮೆಂಟಿನ ಒಳಗೆ’ ಎಂದಷ್ಟೇ ಹೇಳಿದರೆ ಸಾಲದು. ನೀವು ಯಾವ ಮಟ್ಟದ ಎಲಿಮೆಂಟನ್ನು ಸರಿಸುತ್ತೀರೋ ಆ ಮಟ್ಟದ ಒಳಗೆ, ಅದಕ್ಕೆ ನೇರವಾಗಿ ಸೇರಿದಂತೆ ಇರಬೇಕು. ನಮ್ಮ ಪಟ್ಟಿಯಲ್ಲಿ ಬೆಲೆ ಕೊನೆಯ ಮಗು. ಎಂಟರನ್ನು ಬೆಲೆಯೊಳಗೆ ಇಟ್ಟಿದ್ದೀರಿ ಎನ್ನಿ. ಪುಸ್ತಕಗಳನ್ನು ಅಕಾರಾದಿಗೆ ತರುವಾಗ ಏನೂ ತೊಂದರೆ ಇಲ್ಲ, ಎಂಟರ್ ಪುಸ್ತಕದ ಜೊತೆಗೇ ಓಡಾಡುತ್ತದೆ. ಆದರೆ ಎರಡನೆಯ ಹಂತದಲ್ಲಿ ಬೆಲೆಯನ್ನು ಲೇಖಕನ ಮುಂದಕ್ಕೆ ತಂದಿರೋ, ಎಂಟರ್ ಕೂಡ ಅದರ ಜೊತೆಗೇ ಬಂದು ಬೆಲೆಯಾದ ಕೂಡಲೇ ಸಾಲು ಮುರಿಯುತ್ತದೆ, ಪುಸ್ತಕದ ಬಾಲ ಮುಂದಿನ ಪುಸ್ತಕಕ್ಕೆ ಅಂಟುತ್ತದೆ. ಆದ್ದರಿಂದ ಪುಸ್ತಕವನ್ನು ಮುಗಿಸುವ ಎಂಟರ್ ಪುಸ್ತಕದ್ದು. ಯಾವ ಮಗುವಿನದೂ ಅಲ್ಲ.

ಇದನ್ನು ಸರಿಪಡಿಸಲು ಈ ಅನುಕ್ರಮ ಹಿಡಿಯಿರಿ. ಮೊದಲು ಪ್ರತಿ ಪುಸ್ತಕಕ್ಕೂ ‘ಇನ್ಸರ್ಟ್‌ಟೆಕ್ಸ್ಟ್‌ಆಸ್‌ಕಂಟೆಂಟ್’ ಕರೆದು, ‘ಎಲಿಮೆಂಟ್ ಎಂಡ್’ ಸ್ಥಾನದಲ್ಲಿ ಒಂದು ಎಂಟರ್ ಸೇರಿಸಿ. ಅದು ಕೊನೆಯ ಮಗುವಿನ ಆಚೆ, ಪುಸ್ತಕದ ಅಂತ್ಯದ ಗುರುತಿನ ಈಚೆ ಕೂರುತ್ತದೆ. ಆಮೇಲೆ ಹೊರಗಿನ ಹಳೆಯ ಎಂಟರ್‌ಗಳನ್ನು ಅಳಿಸಿ. ಈ ಎರಡನ್ನು ಅದಲುಬದಲು ಮಾಡಬೇಡಿ. ಮೊದಲೇ ಅಳಿಸಿದರೆ ಪ್ಯಾರಾಗಳು ಕೂಡಿಕೊಂಡು ಸ್ಟೈಲ್ ಹೋಗುತ್ತದೆ, ಆಮೇಲೆ ಎಂಟರ್ ಸೇರಿಸಿದರೂ ಹೋದ ಸ್ಟೈಲ್ ವಾಪಸ್ ಬರುವುದಿಲ್ಲ.

ಹೊರಗಿನ ಎಂಟರ್ ಯಾವುದು ಎಂದು ಸ್ಕ್ರಿಪ್ಟಿಗೆ ತಿಳಿಯುವುದು ಹೇಗೆ? ಪ್ರತಿ ಪ್ಯಾರಾದ ಕೊನೆಯ ಅಕ್ಷರದ ‘ಅಸೋಸಿಯೇಟೆಡ್ ಎಕ್ಸ್‌ಎಂಎಲ್ ಎಲಿಮೆಂಟ್ಸ್’ ಕೇಳಿ. ಉತ್ತರದಲ್ಲಿ ಬಂದ ಟ್ಯಾಗ್ ಹೆಸರು ‘ಪಟ್ಟಿ’ ಆಗಿದ್ದರೆ ಅದು ಹೊರಗಿನದು, ‘ಪುಸ್ತಕ’ ಆಗಿದ್ದರೆ ಒಳಗಿನದು, ‘ಬೆಲೆ’ ಆಗಿದ್ದರೆ ತಪ್ಪು ಮಟ್ಟದ್ದು. ಅಳಿಸುವಾಗ ಸ್ಟೋರಿಯ ಕೊನೆಯಿಂದ ಮೊದಲಿಗೆ ಬನ್ನಿ. ಮೊದಲಿನಿಂದ ಅಳಿಸುತ್ತ ಹೋದರೆ ಮುಂದಿನ ಅಕ್ಷರಗಳ ಸಂಖ್ಯೆ ಜಾರುತ್ತದೆ, ಒಂದು ಬಿಟ್ಟು ಒಂದು ಅಳಿಯುತ್ತದೆ.

ಸ್ಟೋರಿಯ ಕಟ್ಟಕಡೆಯ ಪುಸ್ತಕವನ್ನು ವಿಶೇಷವಾಗಿ ಗಮನಿಸಿ. ಅದಾದ ಮೇಲೆ ಏನೂ ಇಲ್ಲದ ಕಾರಣ ಎಷ್ಟೋ ಕಡತಗಳಲ್ಲಿ ಅದಕ್ಕೆ ಎಂಟರೇ ಇರುವುದಿಲ್ಲ. ಅಕಾರಾದಿ ಜೋಡಣೆಯಾದಾಗ ಅದು ನಡುವೆ ಎಲ್ಲೋ ಬಂದು ಕೂತು ಮುಂದಿನದಕ್ಕೆ ಅಂಟುತ್ತದೆ. ಇಡೀ ಪಟ್ಟಿ ಸರಿಯಿದ್ದು ಒಂದೇ ಜಾಗದಲ್ಲಿ ಕೆಟ್ಟಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಎಲ್ಲ ಪುಸ್ತಕಕ್ಕೂ ಎಂಟರ್ ಕೊಟ್ಟು, ಜೋಡಣೆ ಮುಗಿದ ಮೇಲೆ ಹೊಸದಾಗಿ ಕೊನೆಗೆ ಬಂದಿರುವ ಪುಸ್ತಕದ ಎಂಟರನ್ನು ತೆಗೆಯಿರಿ.

ಅಲ್ಪವಿರಾಮ, ಟ್ಯಾಬ್, ‘ರೂ.’

ಇವುಗಳ ವಿಷಯವೂ ಹಾಗೆಯೇ, ಆದರೆ ಪರಿಹಾರ ಬೇರೆ. ಲೇಖಕ, ಪುಟ, ಬೆಲೆ ಒಂದೇ ಸಾಲಿನಲ್ಲಿದ್ದು ನಡುವೆ ಅಲ್ಪವಿರಾಮ ಇದೆ ಎನ್ನಿ. ಮೂರು ಎಲಿಮೆಂಟಿಗೆ ಎರಡು ಅಲ್ಪವಿರಾಮ. ಅವನ್ನು ಎಲಿಮೆಂಟಿನೊಳಗೆ ತುಂಬಿದರೆ, ಕ್ರಮ ಬದಲಾದಾಗ ಸಾಲಿನ ಕೊನೆಯಲ್ಲೊಂದು ಅಲ್ಪವಿರಾಮ ತೂಗುತ್ತದೆ. ಹೊರಗೆ ಬಿಟ್ಟರೆ ಇದ್ದಲ್ಲೇ ಉಳಿದು, ಎರಡು ಅಲ್ಪವಿರಾಮ ಒಟ್ಟಿಗೆ ಬೀಳುತ್ತವೆ. ಎರಡೂ ಬೇಡ. ಸರಿಸುವ ಮುನ್ನ ವಿಭಜಕ ಚಿಹ್ನೆಗಳನ್ನೆಲ್ಲ ಅಳಿಸಿ, ಸರಿಸಿದ ಮೇಲೆ ಹೊಸ ಕ್ರಮಕ್ಕೆ ತಕ್ಕಂತೆ ‘ಬಿಫೋರ್ ಎಲಿಮೆಂಟ್’ ಅಥವಾ ‘ಆಫ್ಟರ್ ಎಲಿಮೆಂಟ್’ ಸ್ಥಾನದಲ್ಲಿ ಮತ್ತೆ ಹಾಕಿ. ‘ರೂ.’ ಎಂಬುದು ಬೆಲೆಗೇ ಸೇರಿದ್ದು, ಅದು ಬೆಲೆಯೊಳಗೇ ಇರಲಿ.

ಮೂಲ ಮಾಹಿತಿಯನ್ನು ಸಿದ್ಧಪಡಿಸುವವರು ನಿಮ್ಮ ಮಾತು ಕೇಳುವ ಸ್ಥಿತಿಯಿದ್ದರೆ ಅವರಿಗೆ ಎರಡೇ ಸಂಗತಿ ಹೇಳಿ: ಕಡತದಲ್ಲಿ ಅಂದಕ್ಕಾಗಿ ಒಳಸರಿಸಿ ಬರೆಯಬೇಡಿ, ಚಿಹ್ನೆಗಳನ್ನು ಮಾಹಿತಿಯೊಳಗೆ ಬೆರೆಸಬೇಡಿ. ಪ್ಯಾರಾ ಮುರಿಯದೆ ಸಾಲು ಮುರಿಯಬೇಕಿದ್ದರೆ ಯೂನಿಕೋಡ್‌ನ 2028 ಸಂಖ್ಯೆಯ ಅಕ್ಷರ ಹಾಕಲಿ, ಇನ್‌ಡಿಸೈನ್ ಅದನ್ನು ಫೋರ್ಸ್ಡ್ ಲೈನ್ ಬ್ರೇಕ್ ಆಗಿ ತೆಗೆದುಕೊಳ್ಳುತ್ತದೆ.

ಸರಿಸುವುದು

ಇಷ್ಟು ಆದ ಮೇಲೆ ಸರಿಸುವುದು ನಿಜಕ್ಕೂ ಸುಲಭ. ‘ಮೂವ್’ಗೆ ಎರಡು ಸಂಗತಿ ಹೇಳಬೇಕು: ಎಲ್ಲಿಗೆ, ಯಾವುದಕ್ಕೆ ಸಂಬಂಧಿಸಿ. ಎಲ್ಲಿಗೆ ಎಂಬುದಕ್ಕೆ ‘ಲೊಕೇಶನ್ ಆಪ್ಷನ್ಸ್’ನಲ್ಲಿ ನಮಗೆ ಬೇಕಾದ ನಾಲ್ಕು ಉತ್ತರಗಳಿವೆ: ಬಿಫೋರ್, ಆಫ್ಟರ್, ಅಟ್ ಬಿಗಿನಿಂಗ್, ಅಟ್ ಎಂಡ್. ಮೊದಲ ಎರಡಕ್ಕೆ ಪಕ್ಕದ ಎಲಿಮೆಂಟನ್ನು ತೋರಿಸಬೇಕು, ಕೊನೆಯ ಎರಡಕ್ಕೆ ತಾಯಿ ಎಲಿಮೆಂಟನ್ನು ತೋರಿಸಿ.

ಬೆಲೆಯನ್ನು ಲೇಖಕನ ಮುಂದಕ್ಕೆ ತರುವುದಕ್ಕೆ ಪ್ರತಿ ಪುಸ್ತಕದ ಮಕ್ಕಳನ್ನು ಒಂದು ಸುತ್ತು ನೋಡಿ, ‘ಮಾರ್ಕಪ್ ಟ್ಯಾಗ್’ನ ಹೆಸರಿನಿಂದ ಎರಡನ್ನೂ ಗುರುತಿಸಿ, ಎರಡೂ ಸಿಕ್ಕಿದ್ದರೆ ಮಾತ್ರ ಸರಿಸಿ. ‘ಮೂರನೆಯ ಮಗು, ಐದನೆಯ ಮಗು’ ಎಂದು ಸಂಖ್ಯೆ ಹಿಡಿದು ಬರೆಯಬೇಡಿ. ಮುಖಪುಟದ ಚಿತ್ರ ಎರಡಿರುವ ಒಂದು ಪುಸ್ತಕ ಬಂದರೆ ಅಲ್ಲಿ ಎಣಿಕೆ ತಪ್ಪುತ್ತದೆ, ಸ್ಕ್ರಿಪ್ಟು ಯಾವ ಎಚ್ಚರಿಕೆಯನ್ನೂ ಕೊಡದೆ ಪುಟಸಂಖ್ಯೆಯನ್ನು ಬೆಲೆಯೆಂದು ಸರಿಸುತ್ತದೆ.

ಅಕಾರಾದಿಗೆ ‘ಪಟ್ಟಿ’ಯ ಮಕ್ಕಳನ್ನು ‘ಎವ್ರಿಐಟಂ’ ಮತ್ತು ‘ಗೆಟ್‌ಎಲಿಮೆಂಟ್ಸ್’ ಮೂಲಕ ಒಂದು ಅರೇಗೆ, ಅಂದರೆ ಸ್ಕ್ರಿಪ್ಟಿನೊಳಗಿನ ಸಾಲುಪಟ್ಟಿಗೆ, ತೆಗೆದುಕೊಳ್ಳಿ. ನೇರವಾಗಿ ಮಕ್ಕಳ ಸಂಗ್ರಹದ ಮೇಲೇ ಲೂಪ್ ಓಡಿಸಿದರೆ, ಅದು ಜೀವಂತ ಸಂಗ್ರಹ. ಒಂದನ್ನು ಸರಿಸಿದ ಕೂಡಲೇ ಮಿಕ್ಕವುಗಳ ಸಂಖ್ಯೆ ಬದಲಾಗುತ್ತದೆ. ಅರೇ ಸಿಕ್ಕ ಮೇಲೆ ಒಂದೊಂದಕ್ಕೂ ಮೂರು ವಿವರ ಇಟ್ಟುಕೊಳ್ಳಿ: ವಿಂಗಡಣೆಯ ಕೀಲಿ (ಹೋಲಿಸಲು ಬಳಸುವ ಪಠ್ಯ), ಮೊದಲಿದ್ದ ಸ್ಥಾನದ ಸಂಖ್ಯೆ, ಎಲಿಮೆಂಟ್. ಕೀಲಿಯ ಮೇಲೆ ಅರೇಯನ್ನು ಜೋಡಿಸಿ. ಎರಡು ಕೀಲಿ ಒಂದೇ ಆದಾಗ ಮೊದಲಿದ್ದ ಸ್ಥಾನವನ್ನು ನೋಡಿ ತೀರ್ಮಾನಿಸಿ. ಒಬ್ಬರೇ ಲೇಖಕರ ಹತ್ತು ಪುಸ್ತಕಗಳು ವರ್ಷದ ಕ್ರಮದಲ್ಲೇ ಉಳಿಯಬೇಕಾದರೆ ಇದು ಬೇಕೇ ಬೇಕು, ಏಕೆಂದರೆ ಎಕ್ಸ್‌ಟೆಂಡ್‌ಸ್ಕ್ರಿಪ್ಟಿನ (ಇನ್‌ಡಿಸೈನ್‌ನೊಳಗಿನ ಹಳೆಯ ಜಾವಾಸ್ಕ್ರಿಪ್ಟಿನ) ‘ಸಾರ್ಟ್’ ಸಮಾನವಾದವುಗಳ ಹಳೆಯ ಕ್ರಮವನ್ನು ಕಾಪಾಡುತ್ತದೆ ಎಂಬ ಖಾತ್ರಿ ಇಲ್ಲ. ಕೊನೆಗೆ ಅರೇಯ ಕ್ರಮದಲ್ಲಿ ಒಂದೊಂದನ್ನೂ ತಾಯಿಯ ಕೊನೆಗೆ, ಅಟ್ ಎಂಡ್‌ಗೆ, ಸರಿಸುತ್ತ ಹೋಗಿ. ಎಲ್ಲವೂ ಒಮ್ಮೆ ಕೊನೆಗೆ ಹೋದ ಮೇಲೆ ಉಳಿದಿರುವುದು ಸರಿಯಾದ ಕ್ರಮವೇ.

ಈ ವಿಧಾನದಲ್ಲಿ ಪುಸ್ತಕವಲ್ಲದ ಸೋದರ ಎಲಿಮೆಂಟ್‌ಗಳೆಲ್ಲ ಮೇಲೆ ಉಳಿಯುತ್ತವೆ. ತಲೆಬರಹ ಇದ್ದರೆ ಅನುಕೂಲವೇ ಆಯಿತು. ‘ವಿಳಾಸ’ದಂಥ ಬಾಲ ಎಲಿಮೆಂಟ್ ಇದ್ದರೆ ಅದನ್ನು ಕೊನೆಯಲ್ಲಿ ಇನ್ನೊಮ್ಮೆ ಸರಿಸಬೇಕು. ಪಟ್ಟಿ ದೊಡ್ಡದಿದ್ದು ಕ್ರಮ ಬಹುಪಾಲು ಸರಿಯೇ ಇದ್ದರೆ, ಎಲ್ಲವನ್ನೂ ಸರಿಸುವ ಬದಲು ಮೇಲಿನಿಂದ ಸ್ಥಾನ ಸ್ಥಾನವಾಗಿ ನೋಡುತ್ತ, ತಪ್ಪಾಗಿರುವುದನ್ನು ಮಾತ್ರ ಅಲ್ಲಿರುವುದರ ‘ಬಿಫೋರ್’ಗೆ ತನ್ನಿ.

ಸರಿಸುವ ಮುನ್ನ ಪ್ರತಿ ಪುಸ್ತಕಕ್ಕೂ ‘ಗುರುತು’ ಎಂಬ ತಾತ್ಕಾಲಿಕ ಆಟ್ರಿಬ್ಯೂಟ್ (ಎಲಿಮೆಂಟಿಗೆ ಅಂಟಿಸುವ, ಪುಟದಲ್ಲಿ ಕಾಣದ ಮಾಹಿತಿ) ಹಾಕಿ ಒಂದೊಂದು ಬೇರೆ ಸಂಖ್ಯೆ ಕೊಡುವುದು ಒಳ್ಳೆಯ ಅಭ್ಯಾಸ. ಸರಿಸಿದ ನಂತರ ವೇರಿಯೇಬಲ್‌ನಲ್ಲಿ ಹಿಡಿದಿಟ್ಟ ಹಳೆಯ ರೆಫರೆನ್ಸನ್ನು ನಂಬುವ ಬದಲು ಈ ಗುರುತಿನಿಂದ ಮತ್ತೆ ಹುಡುಕಿಕೊಳ್ಳಬಹುದು. ಪರಿಶೀಲನೆಗೂ ಇದೇ ಆಧಾರ. ಕೆಲಸ ಮುಗಿದ ಮೇಲೆ ಆಟ್ರಿಬ್ಯೂಟ್ ಅಳಿಸಿದರಾಯಿತು.

ಕನ್ನಡದ ಅಕಾರಾದಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಜಾವಾಸ್ಕ್ರಿಪ್ಟಿನ ಬರೀ ‘ಸಾರ್ಟ್’ ಅಕ್ಷರಗಳನ್ನು ಅವುಗಳ ಯೂನಿಕೋಡ್ ಸಂಖ್ಯೆಯಿಂದ ಹೋಲಿಸುತ್ತದೆ. ಕನ್ನಡದ ಮಟ್ಟಿಗೆ ಇದು ಬಹುತೇಕ ಸರಿಬರುತ್ತದೆ, ಅದೇ ಅಪಾಯ. ಮೊದಲ ಪುಟ ನೋಡಿ ಸರಿಯಿದೆ ಎಂದುಕೊಂಡು ಬಿಟ್ಟುಬಿಡುತ್ತೇವೆ.

ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ ಆದ ಮೇಲೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 0ಸಿಬಿ3, ಅಂದರೆ ‘ಲ’ ಆದ ಮೇಲೆ, ‘ವ’ಕ್ಕಿಂತ ಮುಂಚೆ. ಹೀಗಾಗಿ ಸಂಖ್ಯೆಯ ಪ್ರಕಾರ ಜೋಡಿಸಿದರೆ ಕಲಶ, ಕಳಸ, ಕವನ, ಕಷಾಯ, ಕಹಳೆ ಎಂದು ಬರುತ್ತದೆ. ಬೇಕಾದದ್ದು ಕಲಶ, ಕವನ, ಕಷಾಯ, ಕಹಳೆ, ಕಳಸ. ಇದಕ್ಕೆ ಪರಿಹಾರ ಸರಳ: ಹೋಲಿಸುವ ಮುನ್ನ ಕೀಲಿಯಲ್ಲಿ ಪ್ರತಿ ‘ಳ’ವನ್ನೂ ‘ಹ’ ಆದ ಮೇಲೆ ಬರುವ, ಕಾಗುಣಿತದ ಚಿಹ್ನೆಗಳಿಗಿಂತ ಮುಂಚೆ ಬರುವ, 0ಸಿಬಿಎ ಎಂಬ ಬಳಕೆಯಲ್ಲಿಲ್ಲದ ಸಂಖ್ಯೆಗೆ ಬದಲಿಸಿ. ಇದು ಕೀಲಿಯಲ್ಲಿ ಮಾತ್ರ, ಪಠ್ಯದಲ್ಲಲ್ಲ.

ಅನುಸ್ವಾರದ ಸಂಖ್ಯೆ 0ಸಿ82, ಎಲ್ಲ ಸ್ವರಗಳಿಗಿಂತ ಮುಂಚೆ. ಹಾಗಾಗಿ ‘ಕಂಬ’ ಎಂಬುದು ‘ಕಡಲು’ವಿಗಿಂತ ಮೊದಲು ಬರುತ್ತದೆ. ಸೊನ್ನೆ ಮೊದಲು ಬರಬೇಕೋ, ಆಯಾ ವರ್ಗದ ಅನುನಾಸಿಕದ ಜಾಗದಲ್ಲಿ ಬರಬೇಕೋ ಎಂಬುದನ್ನು ಸ್ಕ್ರಿಪ್ಟ್ ಬರೆಯುವವರು ತೀರ್ಮಾನಿಸಬಾರದು. ಸಂಪಾದಕರನ್ನು ಕೇಳಿ, ಅವರು ಹೇಳಿದ್ದನ್ನು ಕೀಲಿಯಲ್ಲಿ ಅಳವಡಿಸಿ. ಒತ್ತಕ್ಷರದ ವಿಷಯದಲ್ಲಿ ಯೂನಿಕೋಡ್ ಕ್ರಮ ನಮಗೆ ಅನುಕೂಲವಾಗಿಯೇ ಇದೆ: ಹಲಂತದ ಸಂಖ್ಯೆ ಕಾಗುಣಿತದ ಚಿಹ್ನೆಗಳ ನಂತರ ಬರುವುದರಿಂದ ಅಕಾಲ ಆದ ಮೇಲೆ ಅಕ್ಕ, ಆಮೇಲೆ ಅಕ್ಷರ ಎಂದು ನಿಘಂಟಿನಂತೆಯೇ ಕೂರುತ್ತವೆ.

ಕಣ್ಣಿಗೆ ಕಾಣದ ಅಕ್ಷರಗಳು ಇನ್ನೊಂದು ಕಾಟ. ಇಂಗ್ಲಿಷ್ ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ಒತ್ತಾಗದಿರಲಿ ಎಂದು ನಡುವೆ ಹಾಕುವ ಜೀರೋ ವಿಡ್ತ್ ನಾನ್ ಜಾಯಿನರ್, ಸಂಖ್ಯೆ 200ಸಿ, ಕನ್ನಡದ ಎಲ್ಲ ಅಕ್ಷರಗಳಿಗಿಂತ ದೊಡ್ಡದು. ಅದಿರುವ ಹೆಸರು ತನ್ನ ಜಾಗ ಬಿಟ್ಟು ಕೆಳಗೆ ಹೋಗುತ್ತದೆ. ಹಾಗೆಯೇ ಇನ್‌ಡಿಸೈನ್ ಎಲಿಮೆಂಟಿನ ಗಡಿಗೆ ಇಡುವ ಗುರುತಿನ ಸಂಖ್ಯೆ ಎಫ್‌ಇಎಫ್‌ಎಫ್. ಮಕ್ಕಳಿರುವ ಎಲಿಮೆಂಟಿನ ‘ಕಂಟೆಂಟ್ಸ್’ ಓದಿದರೆ ಅದೂ ಜೊತೆಗೆ ಬರುತ್ತದೆ. ಎರಡನ್ನೂ, ಮೊದಲ ಕೊನೆಯ ಸ್ಪೇಸುಗಳನ್ನೂ, ಎಂಟರನ್ನೂ ಕೀಲಿಯಿಂದ ತೆಗೆದುಹಾಕಿ. ‘ಟ್ರಿಮ್’ ಎಂಬ ಕಮಾಂಡ್ ಎಕ್ಸ್‌ಟೆಂಡ್‌ಸ್ಕ್ರಿಪ್ಟಿನಲ್ಲಿ ಇಲ್ಲ, ರಿಪ್ಲೇಸ್‌ನಿಂದಲೇ ಮಾಡಬೇಕು. ‘ನಾರ್ಮಲೈಸ್’ ಕೂಡ ಇಲ್ಲ. ಕೆಲವು ಮೂಲಗಳಿಂದ ಬಂದ ಪಠ್ಯದಲ್ಲಿ ಒತ್ವ ಒಂದೇ ಅಕ್ಷರವಾಗಿರದೆ ಎತ್ವ, ಊತ್ವಗಳ ಜೋಡಿಯಾಗಿರುತ್ತದೆ. ನೋಡಲು ಎರಡೂ ಒಂದೇ, ಹೋಲಿಕೆಯಲ್ಲಿ ಬೇರೆ ಬೇರೆ. ಇದನ್ನು ಆಮದಿಗೆ ಮುಂಚೆಯೇ ಸರಿಪಡಿಸುವುದು ಕ್ಷೇಮ.

ಬೆಲೆಯ ಕ್ರಮದಲ್ಲಿ ಜೋಡಿಸುವುದಾದರೆ ಅಂಕೆಗಳನ್ನು ಸಂಖ್ಯೆಯಾಗಿ ಪರಿವರ್ತಿಸಿ ಹೋಲಿಸಿ, ಇಲ್ಲದಿದ್ದರೆ 1000 ಬಂದು 200ರ ಮುಂದೆ ನಿಲ್ಲುತ್ತದೆ. ‘ಪಾರ್ಸ್‌ಇಂಟ್’ಗೆ ಕನ್ನಡ ಅಂಕಿ ಅರ್ಥವಾಗುವುದಿಲ್ಲ. ೨೫೦ ಕೊಟ್ಟರೆ ಸಂಖ್ಯೆಯಲ್ಲ ಎನ್ನುತ್ತದೆ, ಅಂಥ ಉತ್ತರ ಒಂದು ಬಂದರೂ ಇಡೀ ವಿಂಗಡಣೆ ಎತ್ತೆತ್ತಲೋ ಹೋಗುತ್ತದೆ. ‘1,250’ ಎಂದು ಕೊಟ್ಟರೆ ಅಲ್ಪವಿರಾಮದ ಬಳಿ ನಿಂತು 1 ಎನ್ನುತ್ತದೆ. ಕನ್ನಡ ಅಂಕಿಗಳನ್ನು ಬದಲಿಸಿ, ‘ರೂ.’ ಮತ್ತು ಅಲ್ಪವಿರಾಮ ತೆಗೆದು, ಆಧಾರ 10 ಎಂದು ಸ್ಪಷ್ಟವಾಗಿ ಹೇಳಿ.

ಲೇಖಕರ ಹೆಸರಿಗೆ ಇನ್ನೊಂದು ತೊಡಕಿದೆ. ಇನಿಷಿಯಲ್‌ನಿಂದ ಶುರುವಾಗುವ ಹೆಸರುಗಳನ್ನು ಹಾಗೆಯೇ ಜೋಡಿಸಿದರೆ ಎ, ಎಚ್, ಎನ್, ಎಸ್ ಎಲ್ಲ ಸೇರಿ ಅರ್ಧ ಪಟ್ಟಿ ‘ಎ’ ಅಕ್ಷರದಡಿ ಕೂರುತ್ತದೆ. ಓದುಗರು ಹುಡುಕುವುದು ಹಾಗಲ್ಲ. ‘ಲೇಖಕ’ ಎಲಿಮೆಂಟಿಗೆ ‘ವಿಂಗಡಣೆ’ ಎಂಬ ಆಟ್ರಿಬ್ಯೂಟ್ ಕೊಟ್ಟು, ಹೆಸರನ್ನು ಯಾವ ಪದದಿಂದ ಹುಡುಕಬೇಕೋ ಅದನ್ನು ಅಲ್ಲಿ ಬರೆಸಿ. ಸ್ಕ್ರಿಪ್ಟು ಮೊದಲು ಆ ಆಟ್ರಿಬ್ಯೂಟನ್ನು ನೋಡಲಿ, ಅದಿಲ್ಲದಿದ್ದರೆ ಮಾತ್ರ ಪಠ್ಯವನ್ನು ನೋಡಲಿ.

ಬೇರೆ ಬೇರೆ ಫ್ರೇಮುಗಳಿದ್ದರೆ

ಇಲ್ಲಿಯವರೆಗೆ ಹೇಳಿದ್ದು ಇಡೀ ಪಟ್ಟಿ ಒಂದೇ ಸ್ಟೋರಿಯಲ್ಲಿ ಹರಿಯುತ್ತಿದ್ದರೆ. ಪುಟದಲ್ಲಿ ಆರು ಚೌಕ, ಒಂದೊಂದರಲ್ಲೂ ಒಂದು ಪುಸ್ತಕ ಎಂಬ ವಿನ್ಯಾಸವಿದ್ದರೆ ಮರದಲ್ಲಿ ಕ್ರಮ ಬದಲಿಸಿದರೆ ಪುಟದಲ್ಲಿ ಏನೂ ಆಗುವುದಿಲ್ಲ. ಫ್ರೇಮುಗಳು ಇದ್ದಲ್ಲೇ ಇರುತ್ತವೆ. ‘ಮೂವ್ ಕೆಲಸ ಮಾಡುತ್ತಿಲ್ಲ’ ಎಂಬ ದೂರು ಹೆಚ್ಚಾಗಿ ಹುಟ್ಟುವುದು ಇಲ್ಲಿ.

ಇದಕ್ಕೆ ಎರಡು ದಾರಿ. ಮೊದಲನೆಯದು, ಫ್ರೇಮುಗಳನ್ನೇ ಸ್ಥಳಾಂತರಿಸುವುದು. ಈಗಿರುವ ಕ್ರಮದಲ್ಲಿ ಎಲ್ಲ ಫ್ರೇಮುಗಳ ಪುಟ ಮತ್ತು ಮೇಲಿನ ಎಡ ಮೂಲೆಯನ್ನು ಬರೆದಿಟ್ಟುಕೊಳ್ಳಿ, ಹೊಸ ಕ್ರಮದ ಒಂದನೆಯ ಪುಸ್ತಕವನ್ನು ಒಂದನೆಯ ಜಾಗಕ್ಕೆ ಕಳಿಸಿ, ಹೀಗೆ ಕೊನೆಯವರೆಗೆ. ‘ಜಿಯೊಮೆಟ್ರಿಕ್ ಬೌಂಡ್ಸ್’ ಕೊಡುವ ನಾಲ್ಕು ಸಂಖ್ಯೆಗಳಲ್ಲಿ ಮೊದಲನೆಯದು ಮೇಲಿನಿಂದ ಇರುವ ದೂರ, ಎರಡನೆಯದು ಎಡದಿಂದ. ಆದರೆ ಫ್ರೇಮಿನ ‘ಮೂವ್’ ಕೇಳುವುದು ಮೊದಲು ಎಡದ ದೂರ, ಆಮೇಲೆ ಮೇಲಿನದು. ಅದಲುಬದಲಾದರೆ ಫ್ರೇಮುಗಳು ಪುಟದಾಚೆ ಹೋಗಿ ಬೀಳುತ್ತವೆ. ರೂಲರ್ ಆರಿಜಿನ್ ಪುಟಕ್ಕೋ ಸ್ಪ್ರೆಡ್‌ಗೋ ಎಂಬುದನ್ನೂ ಮೊದಲೇ ಗೊತ್ತುಮಾಡಿ.

ಎರಡನೆಯದು, ಫ್ರೇಮುಗಳನ್ನು ಬಿಟ್ಟು ವಿಷಯವನ್ನು ಮತ್ತೆ ಇಳಿಸುವುದು. ‘ಪ್ಲೇಸ್‌ಎಕ್ಸ್‌ಎಂಎಲ್’ ಫ್ರೇಮಿನಲ್ಲಿ ಇರುವುದನ್ನು ತೆಗೆದು ಎಲಿಮೆಂಟಿನ ವಿಷಯವನ್ನು ಹಾಕುತ್ತದೆ. ‘ಮಾರ್ಕಪ್’ ಇರುವ ವಿಷಯವನ್ನು ಉಳಿಸಿಕೊಂಡು ಎಲಿಮೆಂಟಿಗೆ ಕಟ್ಟುತ್ತದೆ. ಪುಟದಲ್ಲಿ ಕೈಯಿಂದ ತಿದ್ದುಪಡಿ ಆಗಿದ್ದರೆ ಫ್ರೇಮ್ ಸ್ಥಳಾಂತರಿಸುವ ಮೊದಲ ದಾರಿಯೇ ಒಳ್ಳೆಯದು.

ಹುಡುಕುವ ಸಲಕರಣೆ, ಅದರ ಮಿತಿ

ಎಲಿಮೆಂಟ್ ಹುಡುಕಲು ಎಕ್ಸ್‌ಪಾತ್ (ಮರದಲ್ಲಿ ಎಲಿಮೆಂಟಿನ ದಾರಿ ಹೇಳುವ ಭಾಷೆ) ಇದೆ, ಆದರೆ ಪೂರ್ತಿ ಎಕ್ಸ್‌ಪಾತ್ ಅಲ್ಲ. ಹೆಸರು, ದಾರಿ, ಆಟ್ರಿಬ್ಯೂಟಿನ ಮೌಲ್ಯ, ಸ್ಥಾನದ ಸಂಖ್ಯೆ, ಮುಂದಿನ ಸೋದರರು, ಇಷ್ಟು ಸಿಗುತ್ತವೆ. ತಾಯಿಯ ಕಡೆಗೆ ಹಿಂತಿರುಗುವುದು, ಹಿಂದಿನ ಸೋದರರು, ‘ಲಾಸ್ಟ್’, ಪಠ್ಯದ ಹೋಲಿಕೆ, ಹೆಚ್ಚು ಕಡಿಮೆ ಎಂಬ ಹೋಲಿಕೆ, ‘ಅಥವಾ’ ಹಾಕಿದ ಷರತ್ತು, ಇವು ಇಲ್ಲ. ಬೆಲೆ 200ಕ್ಕಿಂತ ಹೆಚ್ಚಿರುವ ಪುಸ್ತಕ ಬೇಕಿದ್ದರೆ ಎಲ್ಲವನ್ನೂ ತಂದು ಜಾವಾಸ್ಕ್ರಿಪ್ಟಿನಲ್ಲಿ ಸೋಸಬೇಕು.

ಎಕ್ಸ್‌ಎಂಎಲ್ ರೂಲ್ಸ್ ಬಳಸುವುದಾದರೆ, ಅದು ಮರವನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಲ ನಡೆಯುತ್ತದೆ ಎಂಬುದು ನೆನಪಿರಲಿ. ನಡೆಯುತ್ತಿರುವಾಗಲೇ ಮಕ್ಕಳನ್ನು ಸರಿಸಿದರೆ ನಡಿಗೆ ದಿಕ್ಕು ತಪ್ಪುತ್ತದೆ. ‘ಸ್ಕಿಪ್ ಚಿಲ್ಡ್ರನ್’ ಕರೆದು ಆ ಎಲಿಮೆಂಟಿನ ಮಕ್ಕಳನ್ನು ಬಿಟ್ಟು ಮುಂದೆ ಹೋಗುವಂತೆ ಹೇಳಿ, ಆಮೇಲೆ ಸರಿಸಿ. ಬೆಲೆಯನ್ನು ಮುಂದಕ್ಕೆ ತರುವಂಥ ಒಳಕ್ರಮದ ಕೆಲಸಕ್ಕೆ ರೂಲ್ಸ್ ಚೆನ್ನಾಗಿ ಹೊಂದುತ್ತದೆ. ಅಕಾರಾದಿಗೆ ಹೊಂದುವುದಿಲ್ಲ, ಏಕೆಂದರೆ ಅದಕ್ಕೆ ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಇರಬೇಕು.

ಇನ್ನು, ಪುಟ ಕಟ್ಟುವುದು ಶುರುವೇ ಆಗಿಲ್ಲದಿದ್ದರೆ ಇದ್ಯಾವುದೂ ಬೇಡ. ಮಾಹಿತಿಯನ್ನು ಹೊರತೆಗೆಯುವಾಗಲೇ ಕ್ರಮ ಸರಿಮಾಡಿಸಿ, ಇಲ್ಲವೇ ಆಮದಿನ ವೇಳೆ ಎಕ್ಸ್‌ಎಸ್‌ಎಲ್‌ಟಿ ಹಚ್ಚಿ. ಇನ್‌ಡಿಸೈನ್‌ನೊಳಗಿನ ಸ್ಕ್ರಿಪ್ಟ್ ನಿಜವಾಗಿ ಬೇಕಾಗುವುದು ಪುಟ ಕಟ್ಟಿ, ತಿದ್ದುಪಡಿ ಸೇರಿ, ಮತ್ತೆ ಆಮದು ಮಾಡಲು ಆಗದ ಹಂತದಲ್ಲಿ. ಕಡತವನ್ನು ಲಿಂಕ್ ಮಾಡಿ ಆಮದು ಮಾಡಿದ್ದರೆ, ಸ್ಕ್ರಿಪ್ಟ್ ಓಡಿಸುವ ಮುನ್ನ ಆ ಲಿಂಕ್ ಕಡಿಯಿರಿ. ಯಾರಾದರೂ ಲಿಂಕ್ ಅಪ್‌ಡೇಟ್ ಒತ್ತಿದರೆ ಹಳೆಯ ಕ್ರಮದ ಕಡತ ಮತ್ತೆ ಆಮದಾಗುತ್ತದೆ.

ಓಡಿಸುವಾಗ, ಓಡಿಸಿದ ಮೇಲೆ

ಸ್ಟ್ರಕ್ಚರ್ ಪೇನ್ ಮುಚ್ಚಿ. ಅದು ತೆರೆದಿದ್ದರೆ ಪ್ರತಿ ಸರಿಸುವಿಕೆಗೂ ಮರವನ್ನು ಮತ್ತೆ ಬಿಡಿಸುತ್ತ ಕೂರುತ್ತದೆ. ‘ಎನೇಬಲ್ ರೀಡ್ರಾ’ ಆಫ್ ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಹಚ್ಚಿ. ಪ್ರಿಫ್ಲೈಟ್, ಡೈನಾಮಿಕ್ ಸ್ಪೆಲಿಂಗ್, ಸ್ಮಾರ್ಟ್ ಟೆಕ್ಸ್ಟ್ ರಿಫ್ಲೋ ಕೂಡ ಆಫ್ ಮಾಡಿ. ಇಡೀ ಕೆಲಸವನ್ನು ‘ಡೂಸ್ಕ್ರಿಪ್ಟ್’ ಒಳಗಿಟ್ಟು ‘ಎಂಟೈರ್ ಸ್ಕ್ರಿಪ್ಟ್’ ಎಂಬ ಅನ್‌ಡೂ ಬಗೆಯನ್ನು ಕೊಟ್ಟರೆ ಒಂದೇ ಕಂಟ್ರೋಲ್ ಝಡ್‌ನಲ್ಲಿ ಎಲ್ಲವೂ ಹಿಂದಕ್ಕೆ ಬರುತ್ತದೆ. ಆದರೂ ಮೊದಲು ಕಡತದ ಪ್ರತಿ ತೆಗೆದಿಡಿ.

ಮುಗಿದ ಮೇಲೆ ಕಣ್ಣಿಗೆ ಸರಿ ಕಂಡರೆ ಸಾಲದು. ಪುಸ್ತಕಗಳ ಎಣಿಕೆ ಮೊದಲಿನಷ್ಟೇ ಇದೆಯೇ, ತಾತ್ಕಾಲಿಕ ಗುರುತುಗಳೆಲ್ಲ ಒಂದೊಂದೇ ಸಲ ಇವೆಯೇ, ಸ್ಟೋರಿಯ ಒಟ್ಟು ಅಕ್ಷರಗಳ ವ್ಯತ್ಯಾಸ ನೀವು ಸೇರಿಸಿ ಅಳಿಸಿದ ಎಂಟರ್, ಚಿಹ್ನೆಗಳಿಗೆ ಸರಿಹೊಂದುತ್ತದೆಯೇ, ಸ್ಟೋರಿ ಫ್ರೇಮಿನಾಚೆ ಉಕ್ಕಿಲ್ಲವೇ, ಇವನ್ನು ಸ್ಕ್ರಿಪ್ಟೇ ನೋಡಿ ಹೇಳಲಿ. ಆಮೇಲೆ ‘ಮ್ಯಾಪ್ ಟ್ಯಾಗ್ಸ್ ಟು ಸ್ಟೈಲ್ಸ್’ ಓಡಿಸುವ ಆಲೋಚನೆ ಇದ್ದರೆ ಎಚ್ಚರ: ಅದು ನೋಡುವುದು ಟ್ಯಾಗಿನ ಹೆಸರನ್ನು ಮಾತ್ರ. ಪುಸ್ತಕದ ಶೀರ್ಷಿಕೆಗೂ ವಿಭಾಗದ ಶೀರ್ಷಿಕೆಗೂ ಒಂದೇ ಟ್ಯಾಗ್ ಇದ್ದರೆ ಎರಡಕ್ಕೂ ಒಂದೇ ಸ್ಟೈಲ್ ಬಳಿಯುತ್ತದೆ.

ಪ್ರಶ್ನೆಗಳಿಗೆ ಉತ್ತರ

ಟೇಬಲ್ಲಿನ ಸಾಲುಗಳನ್ನು ಹೀಗೆ ಸರಿಸಬಹುದೇ? ಆಗುವುದಿಲ್ಲ. ಇನ್‌ಡಿಸೈನ್‌ನ ಮರದಲ್ಲಿ ಟೇಬಲ್ಲಿನೊಳಗೆ ಸೆಲ್‌ಗಳು ಮಾತ್ರ ಒಂದರ ಹಿಂದೊಂದು ಇರುತ್ತವೆ, ಸಾಲು ಎಂಬ ಎಲಿಮೆಂಟೇ ಇರುವುದಿಲ್ಲ. ಎಷ್ಟು ಸಾಲು, ಎಷ್ಟು ಕಾಲಂ ಎಂಬುದು ಟೇಬಲ್ಲಿನ ಆಟ್ರಿಬ್ಯೂಟಿನಲ್ಲಿರುತ್ತದೆ. ಹಾಗಾಗಿ ಮೊದಲು ಸಾಲುಗಳನ್ನು ಸಾಮಾನ್ಯ ಎಲಿಮೆಂಟ್‌ಗಳಾಗಿಯೇ ಆಮದು ಮಾಡಿ, ಜೋಡಿಸಿ, ಆಮೇಲೆ ‘ಕನ್ವರ್ಟ್ ಎಲಿಮೆಂಟ್ ಟು ಟೇಬಲ್’ ಕರೆದು ಸಾಲಿನ ಟ್ಯಾಗ್, ಸೆಲ್ಲಿನ ಟ್ಯಾಗ್ ಯಾವುದೆಂದು ಹೇಳಿ.

ಅಡೋಬಿಯ ಹೊಸ ಸ್ಕ್ರಿಪ್ಟ್ ವ್ಯವಸ್ಥೆಯಾದ ಯುಎಕ್ಸ್‌ಪಿಯಲ್ಲಿ ಹಳೆಯದು ಓಡುತ್ತದೆಯೇ? 2023ರ ಆವೃತ್ತಿಯಿಂದ ಬಂದಿರುವ ಯುಎಕ್ಸ್‌ಪಿಯಲ್ಲಿ ಕಮಾಂಡುಗಳು ಅವೇ, ಬರೆಯುವ ರೀತಿ ಬೇರೆ. ಸಂಗ್ರಹದಿಂದ ಒಂದನ್ನು ಪಡೆಯಲು ಚೌಕ ಆವರಣದಲ್ಲಿ ಸಂಖ್ಯೆ ಹಾಕುವ ಬದಲು ‘ಐಟಂ’ ಕರೆಯಬೇಕು, ‘ಲೊಕೇಶನ್ ಆಪ್ಷನ್ಸ್’ನಂಥ ಹೆಸರುಗಳನ್ನು ಇನ್‌ಡಿಸೈನ್ ಮಾಡ್ಯೂಲಿನಿಂದ ತರಿಸಿಕೊಳ್ಳಬೇಕು. ಭಾಷೆ ಹೊಸದಾದ್ದರಿಂದ ‘ಟ್ರಿಮ್’, ‘ನಾರ್ಮಲೈಸ್’ ಎರಡೂ ಸಿಗುತ್ತವೆ, ಕನ್ನಡದ ಕೀಲಿ ತಯಾರಿಸುವವರಿಗೆ ಇದು ದೊಡ್ಡ ಅನುಕೂಲ.

ಹಳೆಯ ಆಸ್ಕಿ ಫಾಂಟುಗಳಲ್ಲಿರುವ ಪಠ್ಯವನ್ನು ಅಕಾರಾದಿಗೆ ತರಬಹುದೇ? ಕ್ರಮ ಬದಲಿಸುವ ಭಾಗ, ಎಂಟರಿನ ಭಾಗ, ಎಲ್ಲವೂ ಹಾಗೆಯೇ ನಡೆಯುತ್ತದೆ. ಕೀಲಿ ಮಾತ್ರ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಪ್ರತಿ ಸಂಖ್ಯೆಯೂ ಅಕ್ಷರವಲ್ಲ, ಅಕ್ಷರದ ಆಕಾರದ ತುಂಡು. ಪಠ್ಯವನ್ನು ಹಾಗೆಯೇ ಬಿಟ್ಟು, ಲೇಖಕರ ಹೆಸರನ್ನಷ್ಟೇ ಯೂನಿಕೋಡ್‌ಗೆ ಪರಿವರ್ತಿಸಿ ‘ವಿಂಗಡಣೆ’ ಆಟ್ರಿಬ್ಯೂಟಿನಲ್ಲಿ ಇಡಿ. ಆಟ್ರಿಬ್ಯೂಟ್ ಪುಟದ ಮೇಲೆ ಕಾಣುವುದಿಲ್ಲವಾದ್ದರಿಂದ ಅಚ್ಚಿಗೆ ಹೋಗುವ ಪುಟಕ್ಕೆ ಇದರಿಂದ ಏನೂ ಧಕ್ಕೆಯಿಲ್ಲ.